ನೀರಿನೊಳಗಿನ ಅಪ್ಪೆಮರ

ಸಾಗರದ ನಮ್ಮ ಮನೆಯ ಕಂಪ್ಯೂಟರಿಗೆ ನೆಂಟರಿಷ್ಟರು ಕಡಿಮೆ. ಊರಿನ ಎಲ್ಲರ ಮನೆಯಲ್ಲೂ ವಿಂಡೋಸ್ ಇದ್ದರೆ ನಮ್ಮದರಲ್ಲಿ ಇರುವುದು ಫ್ರೀಬಿಎಸ್‌ಡಿ. ಹೊಸನಗರದ ಅಕ್ಕನ ಮಗ ಬೆಂಗಳೂರಿನಲ್ಲಿ ಹೊಸದು ಕೊಂಡಾಗ, "ಇರಲಿ ಚಿಕ್ಕಿ, ಇದಕ್ಕೆ ವೈರಸ್ ಗಿರಸ್ ತಾಪತ್ರಯ ಇಲ್ಲ" ಎಂದು ಹಳೆಯದನ್ನು ಇಲ್ಲಿ ಇಟ್ಟುಹೋದ. ರಿಪೇರಿಯ ಹುಡುಗ ಒಮ್ಮೆ ಬಂದವನು ಅದರ ಕಪ್ಪು ಪರದೆ ನೋಡಿ, ಚಹಾ ಕುಡಿದು, ದುಡ್ಡು ಕೂಡ ಕೇಳದೆ ಎದ್ದುಹೋದ.

ಅದಕ್ಕೆ ನಿಜವಾದ ಕೆಲಸ ಸಿಕ್ಕಿದ್ದು 2018ರ ಮಳೆಗಾಲದಲ್ಲಿ. ಅಮ್ಮ ತೀರ್ಥಹಳ್ಳಿಯ ಮನೆ ಬಿಟ್ಟು ನಮ್ಮಲ್ಲಿಗೆ ಬಂದಾಗ ಅವಳ ಸಾಮಾನಿನಲ್ಲಿ ಎರಡು ಭರಣಿ ಉಪ್ಪಿನಕಾಯಿ, ಒಂದು ನೋಟುಬುಕ್ಕು ಇದ್ದವು. ಬುಕ್ಕಿನ ತುಂಬ ಅಪ್ಪೆಮರಗಳು, ಒಟ್ಟು 63. ಯಾವ ಹೊಳೆಯ ದಂಡೆ, ಮಿಡಿ ಉರುಟೋ ಉದ್ದವೋ, ಸೊನೆಗೆ ಜೀರಿಗೆಯ ಪರಿಮಳವೋ ಕರ್ಪೂರದ್ದೋ, ಉಪ್ಪಿನಲ್ಲಿ ಎಷ್ಟು ವರ್ಷ ಗಟ್ಟಿ ನಿಲ್ಲುತ್ತದೆ, ಎಲ್ಲವೂ. ಮಲೆನಾಡಿನ ಹೆಂಗಸರಿಗೆ ಹೇಳಬೇಕಾಗಿಲ್ಲ, ಅಪ್ಪೆಯಲ್ಲಿ ಒಂದೊಂದು ಮರವೂ ಒಂದೊಂದು ರುಚಿ. ಬೀಜ ಹಾಕಿದರೆ ತಾಯಿಯ ಗುಣ ಬರುತ್ತದೆಂಬ ಖಾತ್ರಿ ಇಲ್ಲ, ಕಸಿಯೇ ಕಟ್ಟಬೇಕು. ಮರ ಹೋದರೆ ರುಚಿ ಹೋಯಿತು. ಹತ್ತಿ ಕೊಯ್ಯುವ ಶ್ರಮ ಯಾಕೆಂದು ಟೊಂಗೆಯನ್ನೇ ಕಡಿಯುವವರು ಬಂದ ಮೇಲೆ ಮರಗಳು ಹೋಗುತ್ತಲೇ ಇವೆ. ನೋಟುಬುಕ್ಕಿನ ಹಾಳೆಗಳೋ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು.

"ಎಕ್ಸೆಲ್‌ನಲ್ಲಿ ಬರೆದಿಟ್ಟರೆ ಸಾಕಲ್ಲ" ಎಂದರು ನಮ್ಮವರು. ಸಾಕಿತ್ತೇನೋ. ಆದರೆ ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ಹೇಗೆಂದು ಅವರಿಗೂ ಗೊತ್ತು. ಅಕ್ಕನ ಮಗನನ್ನು ಕೇಳಿದೆ. "ಪೋಸ್ಟ್‌ಗ್ರೆಸ್ ಹಾಕಿ ಚಿಕ್ಕಿ, ಅದು ಕರೆಂಟಿಗೆ ಹೆದರುವುದಿಲ್ಲ" ಎಂದ. ಮಾಹಿತಿಯನ್ನು ಖಾತೆ ಖಾತೆಯಾಗಿ ಜೋಡಿಸಿಡುವ ಡೇಟಾಬೇಸ್ ತಂತ್ರಾಂಶ ಅದು.

ಅರೆದ ಮಸಾಲೆಯ ಪೊಟ್ಟಣದಂತೆ ಸಿದ್ಧವಾದದ್ದೂ ಸಿಗುತ್ತದೆ. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನಮ್ಮ ಮನೆಗೆ ಆಗ ಬಂದಿರಲಿಲ್ಲ. ಅವನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟದ್ದು ಸಾಸಿವೆ ಮೆಣಸಿನ ಗಂಟು, ಅಂದರೆ ಸಿ ಭಾಷೆಯಲ್ಲಿ ಮನುಷ್ಯರು ಬರೆದ ಮೂಲ ಕಡತಗಳು. ಅದನ್ನು ನಮ್ಮ ಯಂತ್ರಕ್ಕೆ ತಕ್ಕಂತೆ ಅರೆದುಕೊಳ್ಳುವುದಕ್ಕೆ ಕಂಪೈಲ್ ಎನ್ನುತ್ತಾರೆ. ಹೇಗೆ ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದಿಟ್ಟು ಅವನು ಬಸ್ಸು ಹತ್ತಿದ.

ಮೊದಲು ಕಾನ್ಫಿಗರ್. ಮದುವೆಮನೆಗೆ ಬಂದ ಅಡುಗೆಯವರು ಕಡಾಯಿ ಉಂಟಾ, ಒರಳು ಉಂಟಾ ಎಂದು ಕೇಳುವ ಹಾಗೆ ಅದು ಸಾಲುಸಾಲಾಗಿ ಕೇಳುತ್ತ ಹೋಗುತ್ತದೆ. ರೀಡ್‌ಲೈನ್ ಎಂಬಲ್ಲಿಗೆ ಬಂದು ನಿಂತೇಬಿಟ್ಟಿತು. ಇಲ್ಲವಂತೆ! ಅಕ್ಕನ ಮಗ ಅದನ್ನು ಮೊದಲೇ ಹಾಕಿಟ್ಟಿದ್ದ. ಫ್ರೀಬಿಎಸ್‌ಡಿಯಲ್ಲಿ ಹೊರಗಿನಿಂದ ತಂದ ಸಾಮಾನನ್ನೆಲ್ಲ ಬೇರೆಯೇ ಕೋಣೆಯಲ್ಲಿಡುತ್ತಾರೆ, ಆ ಕೋಣೆಯನ್ನು ಅಡುಗೆಯವರಿಗೆ ನಾನು ತೋರಿಸಿರಲಿಲ್ಲ, ಅಷ್ಟೆ. ಅಷ್ಟು ತಿಳಿಯಲು ನನಗೆ ಮೂರು ದಿನ ಹಿಡಿಯಿತು. ಆಮೇಲೆ ಮೇಕ್. ಫ್ರೀಬಿಎಸ್‌ಡಿಗೆ ತನ್ನದೇ ಒಂದು ಮೇಕ್ ಇದೆ, ಪೋಸ್ಟ್‌ಗ್ರೆಸ್‌ಗೆ ಬೇಕಾದದ್ದು ಗ್ನೂ ಮೇಕ್, ಅದನ್ನು ಇಲ್ಲಿ ಜಿಮೇಕ್ ಎಂದು ಕರೆಯಬೇಕು. ಒಂದೇ ಕೇರಿಯಲ್ಲಿ ಇಬ್ಬರು ಸಾವಿತ್ರಮ್ಮ ಇದ್ದ ಹಾಗೆ.

ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಈ ಎರಡಕ್ಕೂ ತವರು ಒಂದೇ, ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯ. ಪೋಸ್ಟ್‌ಗ್ರೆಸ್ಸನ್ನು ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಅಲ್ಲಿ ಶುರು ಮಾಡಿದರು. 1993ರಲ್ಲಿ ಹುಟ್ಟಿದ ಫ್ರೀಬಿಎಸ್‌ಡಿಯ ಮೂಲವೂ ಅಲ್ಲಿಯ ಯೂನಿಕ್ಸೇ. ಒಂದೇ ತವರಿನವರಿಗೆ ಇಷ್ಟಾದರೂ ಹೊಂದಾಣಿಕೆ ಬೇಡವೇ?

ಅರೆಯುವುದು ಮುಗಿಯಲು ಒಂದೂವರೆ ಗಂಟೆ. ನಡುವೆ ಎರಡು ಸಲ ಕರೆಂಟು ಹೋಯಿತು. ಮತ್ತೆ ಜಿಮೇಕ್ ಎಂದರೆ ಮುಗಿದದ್ದನ್ನು ಬಿಟ್ಟು ಉಳಿದದ್ದನ್ನು ಮಾಡಿಕೊಳ್ಳುತ್ತದೆ, ಪುಣ್ಯ. ಅಷ್ಟೆಲ್ಲ ಆಗಿ ಚಾಲೂ ಮಾಡಹೋದರೆ ಯಜಮಾನರಿಗೆ ಪ್ರವೇಶವಿಲ್ಲ ಎಂದಿತು. ರೂಟ್ ಎಂಬ ಸರ್ವಾಧಿಕಾರಿಯ ಹೆಸರಿನಲ್ಲಿ ಪೋಸ್ಟ್‌ಗ್ರೆಸ್ ನಡೆಯುವುದೇ ಇಲ್ಲ. ಅದಕ್ಕೆಂದೇ ಅಧಿಕಾರವಿಲ್ಲದ ಬೇರೊಬ್ಬರನ್ನು ನೇಮಿಸಬೇಕು. ಕಳ್ಳ ಹೊಕ್ಕರೂ ಮನೆಯೆಲ್ಲ ಅವನ ಕೈಗೆ ಸಿಗಬಾರದೆಂದು. ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ಆ ಆಷಾಢವೆಲ್ಲ ಅಮ್ಮ ಓದುತ್ತಿದ್ದಳು, ನಾನು ಬರೆಯುತ್ತಿದ್ದೆ. ಒಂದು ಸಂಜೆ ನಲವತ್ತನೆಯ ಮರ ಬರೆದು ಮುಗಿಸುತ್ತಿದ್ದಂತೆ ಸಿಡಿಲು ಬಡಿದು ಎಲ್ಲ ಕತ್ತಲಾಯಿತು. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಎದೆ ಹೊಡೆದುಕೊಳ್ಳುತ್ತ ಚಾಲೂ ಮಾಡಿದೆ. ಅದು ತಾನೇ ಏನನ್ನೋ ಓದಿಕೊಂಡು, ಸರಿಪಡಿಸಿಕೊಂಡು, ನಲವತ್ತನ್ನೂ ತಂದಿಟ್ಟಿತು. ಗುಟ್ಟು ಆಮೇಲೆ ತಿಳಿಯಿತು. ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ನಮಗೊಂದು ಕಟ್ಟಳೆ ಇತ್ತು: ದಿನವಹಿಯಲ್ಲಿ ಬರೆಯದೆ ಖಾತೆಗೆ ಇಳಿಸಬಾರದು. ಪೋಸ್ಟ್‌ಗ್ರೆಸ್ ಮಾಡುವುದೂ ಅದನ್ನೇ. ಪ್ರತಿ ಬದಲಾವಣೆಯನ್ನೂ ಮೊದಲು ತನ್ನ ದಿನವಹಿಗೆ ಬರೆದು ಭದ್ರ ಮಾಡಿಕೊಂಡು, ಖಾತೆಗೆ ನಿಧಾನವಾಗಿ ಇಳಿಸುತ್ತದೆ. ನಡುವೆ ಬಿದ್ದರೆ ಎದ್ದು ದಿನವಹಿ ಓದಿಕೊಳ್ಳುತ್ತದೆ. ಇಷ್ಟು ಶಿಸ್ತಿನ ಗುಮಾಸ್ತೆಯನ್ನು ನಾನು ಸೊಸೈಟಿಯಲ್ಲಿ ಕಂಡಿರಲಿಲ್ಲ, ನನ್ನನ್ನೂ ಸೇರಿಸಿ.

ಎಲ್ಲ ಮರ ಬರೆದಾದ ಮೇಲೆ ಅಮ್ಮನೆದುರು ಪಟ್ಟಿ ತೆಗೆದೆ. 'ಈಗ ಇದೆಯೇ' ಎಂದೊಂದು ಅಂಕಣ ಮಾಡಿ, ಅಲ್ಲಿ 'ಇದೆ' ಅಥವಾ 'ಇಲ್ಲ' ಎಂದಷ್ಟೇ ಬರೆಯಬೇಕೆಂದು ನಿಯಮ ಹಾಕಿದ್ದೆ. 'ಇಲ್ಲ' ಎಂದಿರುವ ಮರ ಕೇಳಿದೆ, 19 ಬಂದವು. 'ಇಲ್ಲ' ಅಲ್ಲದ್ದನ್ನೆಲ್ಲ ಕೊಡು ಎಂದೆ, 27 ಬಂದವು. ಅಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, "ನಮ್ಮ ಅಪ್ಪಯ್ಯನ ಮನೆ ಹೊಳೆಬದಿಯದ್ದು ಎಲ್ಲಿ ಹೋಯ್ತು?" ಎಂದಳು.

ಎರಡರಲ್ಲೂ ಇರಲಿಲ್ಲ. ಕೂಡಿದರೆ 46, ಉಳಿದ 17 ಮಾಯ! ಅವುಗಳ ಮುಂದೆ ನಾನು ಏನೂ ಬರೆಯದೆ ಖಾಲಿ ಬಿಟ್ಟಿದ್ದೆ. ಖಾಲಿ ಎಂದರೆ ಡೇಟಾಬೇಸಿಗೆ 'ಇದೆ'ಯೂ ಅಲ್ಲ, 'ಇಲ್ಲ'ವೂ ಅಲ್ಲ, 'ಇಲ್ಲ ಅಲ್ಲದ್ದು' ಕೂಡ ಅಲ್ಲ. ಗೊತ್ತಿಲ್ಲದ್ದನ್ನು ಅದು ಯಾವ ಕಡೆಗೂ ಸೇರಿಸುವುದಿಲ್ಲ. ಖಾಲಿ ಇದ್ದದ್ದನ್ನೇ ಕೊಡು ಎಂದು ಬೇರೆಯಾಗಿ ಕೇಳಬೇಕು.

ಕೇಳಿದೆ. ಅಮ್ಮನ ಹೊಳೆಬದಿಯ ಮರ ಮೊದಲಲ್ಲೇ ಇತ್ತು. ಅವಳ ತವರು ಹೊಸನಗರ ಸೀಮೆಯ ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ, ಮರ ಎಲ್ಲ ಹಿನ್ನೀರಿನಡಿ ಹೋದವು. ಓದಿಸುವಾಗ ಆ ಅಂಕಣಕ್ಕೆ ಬಂದರೆ ಅವಳು ಸುಮ್ಮನಾಗುತ್ತಿದ್ದಳು, ನಾನು ಮುಂದೆ ಹೋಗುತ್ತಿದ್ದೆ.

"ಇಲ್ಲ ಅಂತ ಬರೆಯಲಾ ಅಮ್ಮ?" ಎಂದೆ.

"ಇಲ್ಲ ಯಾಕೆ? ನೀರಲ್ಲಿದೆ ಅಂತ ಬರಿ" ಎಂದಳು.

ಯಂತ್ರ ಒಪ್ಪಲಿಲ್ಲ, ಎರಡೇ ಶಬ್ದವೆಂದು ನಿಯಮ ಹಾಕಿದವಳು ನಾನೇ ತಾನೆ. ಆ ರಾತ್ರಿ ಕೂತು ನಿಯಮ ತಿದ್ದಿ ಮೂರನೆಯ ಶಬ್ದ ಸೇರಿಸಿದೆ. ಏಳು ಮರಗಳ ಮುಂದೆ ಅದು ಬಂತು. ಉಳಿದ ಹತ್ತನ್ನು ಅಕ್ಕನ ಮಗನೂ ನಾನೂ ದೀಪಾವಳಿ ಕಳೆದ ಮೇಲೆ ಹೋಗಿ ನೋಡಿಬಂದೆವು. ನಾಲ್ಕು ಸಿಕ್ಕವು, ಒಂದರಿಂದ ಕಸಿಗೆ ಕಡ್ಡಿಯನ್ನೂ ತಂದೆವು.