ಅತ್ತಿವೇರಿಗೊಂದು ಪುಟ್ಟ ರೈಲು

ಹುಬ್ಬಳ್ಳಿಯಿಂದ ಸುಮಾರು 43 ಕಿಲೋಮೀಟರ್ ದೂರ, ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಕೈಗೆ ಸಿಕ್ಕುವ ಮುಂಡಗೋಡ ತಾಲೂಕಿನಲ್ಲಿ ಅತ್ತಿವೇರಿಯ ಜಲಾಶಯವಿದೆ. ಚಮಚದಂತಹ ಕೊಕ್ಕಿನ ಬಿಳಿಹಕ್ಕಿಗಳನ್ನೂ ನೀರುಕಾಗೆಗಳನ್ನೂ ನೋಡಲೆಂದು ಜನರು ಇಲ್ಲಿಗೆ ಬರುತ್ತಾರೆ. ನಮ್ಮ ಸಂಗಡ ಬಂದಿದ್ದ ಹುಡುಗನ ಕಣ್ಣು ಮಾತ್ರ ನೀರಿನಂಚಿನ ಒಡ್ಡಿನ ಮೇಲಿತ್ತು. “ಕಾಕಾ, ಇದರ ಮ್ಯಾಲೆ ಸಣ್ಣದೊಂದು ರೈಲು ಓಡಿದರ ಎಷ್ಟು ಚಂದ!” ಎಂದನು.

ಮಾತು ಬರಿಯ ಹುಡುಗಾಟಿಕೆಯದಲ್ಲ. ಇಂಗ್ಲೆಂಡಿನ ಸರ್ ಆರ್ಥರ್ ಹೇವುಡ್ 1874ರಲ್ಲಿ ಡಫೀಲ್ಡ್ ಬ್ಯಾಂಕ್ ಎಂಬ ತಮ್ಮ ಮನೆಯ ಆವರಣದಲ್ಲಿ 15 ಅಂಗುಲ ಅಗಲದ ಹಳಿ ಹಾಕತೊಡಗಿದರು. ಮೊದಲು 9 ಅಂಗುಲದ್ದನ್ನು ಹಾಕಿ ನೋಡಿ, ಅದು ಭದ್ರವಲ್ಲವೆಂದು ಕಂಡುಕೊಂಡಿದ್ದರು. ದೊಡ್ಡ ಜಮೀನುಗಳಲ್ಲಿ ಸರಕು ಸಾಗಿಸಲು ಇದಕ್ಕಿಂತ ಅಗಲ ಬೇಡ, ಇದಕ್ಕಿಂತ ಕಿರಿದು ಕೆಲಸಕ್ಕೆ ಬಾರದು ಎಂಬುದು ಅವರ ವಾದ. ‘ಕನಿಷ್ಠ ಗೇಜು’ ಎಂಬ ಹೆಸರು ಬಂದುದು ಹೀಗೆ. 1896ರಲ್ಲಿ ಈಟನ್ ಹಾಲ್ ಎಂಬ ಬಂಗಲೆಗೆ ಇಂಥದೇ ರೈಲು ಕಲ್ಲಿದ್ದಲು ಹೊರತೊಡಗಿತು. ನಮ್ಮಲ್ಲಿ ಒಂದು ಕಾಲಕ್ಕಿದ್ದ ತರೀಕೆರೆ–ನರಸಿಂಹರಾಜಪುರದ ಟ್ರಾಮ್‌ವೇಯ ಹಳಿ 2 ಅಡಿ ಅಗಲದ್ದು. ಅದರ ಮುಂದೆಯೂ ಇದು ಮರಿಯೇ ಸರಿ.

ಆದರೆ ಗೂಡು ಕಟ್ಟುವ ಹಕ್ಕಿಗಳ ಕಿವಿಯಲ್ಲಿ ಸಿಳ್ಳು ಹಾಕಿಸುವ ಅಧಿಕಾರ ನಮಗಿಲ್ಲ. ಅತ್ತಿವೇರಿಯ ರೈಲು ನಮ್ಮ ಮನೆಯಲ್ಲಿಯೇ ಓಡಬೇಕು.

ಇಲ್ಲಿ ಲೆಕ್ಕವೊಂದು ಸೊಗಸಾಗಿ ಕೂಡಿಬರುತ್ತದೆ. ಅಡಿಗೆ ಒಂದು ಅಂಗುಲದ ಪ್ರಮಾಣ ಹಿಡಿದರೆ 15 ಅಂಗುಲದ ಹಳಿ ಒಂದೂಕಾಲು ಅಂಗುಲ, ಎಂದರೆ ಸುಮಾರು 32 ಮಿಲಿಮೀಟರ್ ಆಗುತ್ತದೆ. ಮಾದರಿ ರೈಲಿನ ಹವ್ಯಾಸಿಗಳು ‘ಓ ಗೇಜು’ ಎನ್ನುವ ಹಳಿ ಇಷ್ಟೇ ಅಗಲದ್ದು, ಸಿದ್ಧವಾಗಿಯೇ ದೊರೆಯುತ್ತದೆ. ಐದೂವರೆ ಅಡಿಯ ಆಳು ಐದೂವರೆ ಅಂಗುಲದ ಗೊಂಬೆಯಾಗುತ್ತಾನೆ. ಅವನ ಮೀಸೆಯನ್ನೂ ತಿದ್ದಿ ಬಿಡಿಸಬಹುದು. ಕನ್ನಡಕ ಬಂದವರಿಗೂ ಈ ಹವ್ಯಾಸ ಹಿತವೆನಿಸುವುದು ಅದಕ್ಕೇ.

ಆರಂಭದಲ್ಲಿಯೇ ಎಂಜಿನ್ನಿಗೆ ಹಣ ಸುರಿಯಬಾರದು. 6 ಅಡಿಯ ಹಲಗೆ, ಒಂದು ಸರಕಿನ ಬಂಡಿ, ಇಷ್ಟು ಸಾಕು. ಪ್ರಮಾಣದಲ್ಲಿ ಆ ಹಲಗೆ 72 ಅಡಿಯ ಒಡ್ಡು! ದುಂಡಗೆ ಸುತ್ತಿಸುವ ಆಸೆ ಸದ್ಯಕ್ಕೆ ಬೇಡ. ಹೇವುಡ್ಡರ 25 ಅಡಿ ತ್ರಿಜ್ಯದ ಬಿಗಿ ತಿರುವು ಇಲ್ಲಿ 25 ಅಂಗುಲವಾದರೂ, ಪೂರ್ತಿ ಸುತ್ತಿಗೆ ನಾಲ್ಕಡಿಗೂ ಮಿಕ್ಕಿದ ಅಗಲದ ಮೇಜು ಬೇಕು. ಅಷ್ಟು ಜಾಗ ಕೇಳಿದರೆ ಮನೆಯೊಡತಿ ಹವ್ಯಾಸವನ್ನೇ ಅಂಗಳಕ್ಕೆ ಅಟ್ಟಿಯಾರು. ಬಂಡಿಗೆ ಚಕ್ರಗಳನ್ನು ಮಾತ್ರ ಕೊಂಡು, ಮೈಯನ್ನು ತೆಳುವಾದ ಮರದ ಪಟ್ಟಿಗಳಿಂದ ಕಟ್ಟಬಹುದು. ಹಗುರವಾದ ಬಂಡಿ ಹಳಿ ತಪ್ಪುತ್ತದೆ; ತಳಕ್ಕೆ ಕಬ್ಬಿಣದ ತುಂಡೊಂದನ್ನು ಅಂಟಿಸಬೇಕು. ಬೆರಳಿನಿಂದ ತಳ್ಳಿದಾಗ ಕುಪ್ಪಳಿಸದೆ ಉರುಳುವವರೆಗೂ ಹಳಿಯನ್ನು ತಿದ್ದಿ, ಆಮೇಲೆ ಬ್ಯಾಟರಿಯ ಎಂಜಿನ್ ತರಬಹುದು. ಹಳಿಯಲ್ಲಿ ವಿದ್ಯುತ್ತು ಹರಿಸುವ ರಗಳೆ ಅದಕ್ಕಿಲ್ಲ.

ಅಳತೆಯ ಕಣ್ಣು ಪಳಗಬೇಕಾದರೆ, ಮರಳುವಾಗ ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿರಿ. ಅಲ್ಲಿರುವ ನ್ಯಾರೋಗೇಜ್ ಎಂಜಿನ್ನಿನ ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಿ, ಚಕ್ರ ಅವರ ಎಲ್ಲಿಯವರೆಗೆ ಬರುತ್ತದೆಂದು ಗುರುತು ಹಾಕಿಕೊಳ್ಳಿರಿ. ಕನಿಷ್ಠ ಗೇಜಿನದು ಇದಕ್ಕಿಂತಲೂ ಗಿಡ್ಡ. ಚಾಲಕನು ಅದರಲ್ಲಿ ನಿಲ್ಲುವುದಿಲ್ಲ, ಕುಳಿತೇ ನಡೆಸುತ್ತಾನೆ.

ಹಲಗೆಯ ಕೊನೆಯಲ್ಲಿ ಒಂದು ಚಮಚಕೊಕ್ಕಿನ ಹಕ್ಕಿಯೂ ಇರಲಿ. ಉದ್ದ 7 ಸೆಂಟಿಮೀಟರ್ ಇದ್ದರೆ ಪ್ರಮಾಣಕ್ಕೆ ಸರಿಹೋಗುತ್ತದೆ. ಎಂಜಿನ್ನಿನ ಸದ್ದಿಗೆ ಅದು ಹಾರಿಹೋಗುವುದಿಲ್ಲ.