ಹೇರ್‌ಪಿನ್ ಕೆಳಗಿಡಿ, ನಾಲ್ಕು ದಿನ ಕಾಯಿರಿ

ವಿರಾಜಪೇಟೆಯ ನಮ್ಮ ಮನೆಯಲ್ಲಿ ಕಳೆದ ಮಳೆಗಾಲ ಅಕ್ಕನ ಮಗನ ಮೇಲೆ ದಿನಾ ದೂರು. ನಾಲ್ಕು ವರ್ಷದ ಹುಡುಗ, ಕರೆದರೆ ತಿರುಗಿ ನೋಡುವುದಿಲ್ಲ, ಟಿವಿ ಸದ್ದು ಜಾಸ್ತಿ ಮಾಡುತ್ತಾನೆ. ಅಂಗನವಾಡಿಯಲ್ಲೂ 'ಹೇಳಿದ ಮಾತು ಕೇಳಲ್ಲ' ಅನ್ನಿಸಿಕೊಂಡಿದ್ದ. ಅವನು ಕಿವಿಗೆ ಬೆರಳಿಟ್ಟು ತಿರುವುವುದನ್ನು ಕಂಡ ಅಜ್ಜಿ ಟಾರ್ಚ್ ಬಿಟ್ಟು ನೋಡಿದರೆ, ಒಳಗೆ ಗಟ್ಟಿಯಾಗಿ ಕೂತ ಕಂದು ಗುಗ್ಗೆ!

ಅಜ್ಜಿಯ ಕೈ ತಲೆಯ ಹೇರ್‌ಪಿನ್ನಿಗೆ ಹೋಯಿತು. 'ಬೇಡಮ್ಮ, ಡಾಕ್ಟರ್ ನೋಡಲಿ' ಎಂದು ಅಕ್ಕ ಮಗುವನ್ನು ಎತ್ತಿಕೊಂಡಳು.

ಡಾಕ್ಟರ್ ಅವತ್ತೇ ತೆಗೆಯಲಿಲ್ಲ, ಮೆದುವಾಗಲು ಡ್ರಾಪ್ಸ್ ಬರೆದುಕೊಟ್ಟರು. ಗುಗ್ಗೆ ಕೊಳೆಯಲ್ಲ, ಕಿವಿಯ ಒಳಚರ್ಮವನ್ನು ಕಾಯುವ ವಸ್ತು. ಸಾಮಾನ್ಯವಾಗಿ ತಾನಾಗಿಯೇ ಹೊರಗೆ ಸರಿಯುತ್ತದೆ. ಬಡ್ಸ್ ಹಾಕಿದರೆ ಅರ್ಧ ಹೊರಗೆ ಬಂದದ್ದೂ ಮತ್ತೆ ಒಳಗೆ ಹೋಗಿ ಗಟ್ಟಿಯಾಗುತ್ತದೆ. ಮಕ್ಕಳ ಕಿವಿನಾಳ ಕಿರಿದು, ಚಿಕ್ಕದು. ಪಿನ್ ಹಿಡಿದಾಗ ಮಗು ಒಮ್ಮೆ ತಲೆ ಅಲ್ಲಾಡಿಸಿದರೆ ಸಾಕು, ತಮಟೆಗೇ ಪೆಟ್ಟು.

ಅಕ್ಕ ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು. ತಣ್ಣಗಿನ ಹನಿ ಬಿದ್ದರೆ ತಲೆ ಸುತ್ತುತ್ತದೆ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹನಿ ಬಿಟ್ಟು, ಐದು ನಿಮಿಷ ಕತೆ. (ಮೂರು ವರ್ಷದೊಳಗಿನವರಿಗಾದರೆ ಕಿವಿಯನ್ನು ಕೆಳಕ್ಕೆ, ಹಿಂದಕ್ಕೆ ಎಳೆಯಬೇಕು.) ಎರಡನೇ ದಿನ ಇನ್ನೂ ಕಡಿಮೆ ಕೇಳಿಸತೊಡಗಿತು. ಗುಗ್ಗೆ ನೆನೆದು ಉಬ್ಬಿದಾಗ ಹಾಗಾಗುವುದುಂಟು, ಗಾಬರಿ ಬೇಡ. ಐದನೇ ದಿನ ಡಾಕ್ಟರ್ ಸುಲಭವಾಗಿ ತೆಗೆದರು. ಹೊರಗೆ ಬಂದ ಹುಡುಗ 'ಮಳೆ ಯಾಕೆ ಇಷ್ಟು ಜೋರು?' ಅಂದ. ಮಳೆ ಇದ್ದಷ್ಟೇ ಇತ್ತು.

ಅಂಗಡಿಯಲ್ಲಿ ಡ್ರಾಪ್ಸ್ ಸಿಗುತ್ತದೆಂದು ಕೇಳದೆ ತಂದು ಹಾಕಬೇಡಿ. ಕೀವು, ರಕ್ತ, ಜ್ವರ, ಜೋರು ನೋವು ಇದ್ದರೆ, ತಮಟೆ ತೂತಾಗಿದ್ದರೆ ಹನಿಯೂ ಬೇಡ, ನೀರೂ ಬೇಡ, ನೇರ ಆಸ್ಪತ್ರೆಗೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕಿವಿಯನ್ನು ಸುಡಬಹುದು. ನಮ್ಮ ಮಳೆಯ ತೇವದಲ್ಲಿ ಕಿವಿಗೆ ಬೂಷ್ಟು ಹಿಡಿಯುವುದು ಬೇರೆ. ಸಂತೆಯಲ್ಲಿ ಸೂಜಿ ಹಿಡಿದು ಗುಗ್ಗೆ ತೆಗೆಯುವವರ ಮುಂದಂತೂ ಮಗುವನ್ನು ಕೂರಿಸಬೇಡಿ.

ಗುಗ್ಗೆ ತೆಗೆದ ಮೇಲೂ ಮಂದ ಕೇಳಿಸಿದರೆ ಶ್ರವಣ ಪರೀಕ್ಷೆ ಮಾಡಿಸಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸುಗಳಿಗೂ ಈ ಪರೀಕ್ಷೆ ಮಾಡುತ್ತಾರೆ. ಬೆಳಗಿನ ಬಸ್ಸು ಹಿಡಿದರೆ ಆ ದಿನವೇ ಮನೆಗೆ ಬರಬಹುದು.