ನಡುವಿನ ಎರಡು ಬೆರಳು

ಬ್ಲೌಸ್ ಹೊಲಿಸಲು ಹೋದಾಗ ನಮ್ಮ ಟೈಲರಮ್ಮ ತೋಳು, ಬೆನ್ನು, ಸುತ್ತಳತೆ ಎಲ್ಲ ಆದ ಮೇಲೆ ಇನ್ನೊಂದು ಅಳತೆ ತೆಗೆಯುತ್ತಾಳೆ. ಟೇಪನ್ನು ಎದೆಯ ಮೇಲೆ ಅಡ್ಡ ಹಿಡಿದು, ಈ ತುದಿಯಿಂದ ಆ ತುದಿಗೆ. ಅಂಗಡಿಯಲ್ಲಿ ಗಂಡಸರ ಸುಳಿವೇ ಇಲ್ಲದಿದ್ದರೂ ದನಿ ತಗ್ಗಿಸಿ, "ಪಾಯಿಂಟು ಏಳೂವರೆ" ಎಂದು ತನಗೆ ತಾನೇ ಹೇಳಿಕೊಂಡು ಬರೆದುಕೊಳ್ಳುತ್ತಾಳೆ. ಟಕ್ಸ್ ಎಲ್ಲಿಗೆ ಮುಗಿಯಬೇಕು ಎನ್ನುವುದಕ್ಕೆ ಆ ಅಂಕಿ ಬೇಕು. ಇಷ್ಟು ವರ್ಷ ಅದು ಆಕೆಯ ಪುಸ್ತಕದಲ್ಲಿ ಕೂತಿದ್ದರೂ, ಜಾಸ್ತಿಯೋ ಕಮ್ಮಿಯೋ ಎಂದು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಅಕ್ಕನ ಮಗಳಿಗೆ. 27 ವರ್ಷ, ಕೈತುಂಬ ಸಂಬಳ, ಮದುವೆ ನಿಶ್ಚಯವಾಗಿದೆ. ಒಂದು ಸಂಜೆ ಬಂದು, "ಚಿಕ್ಕಮ್ಮಾ, ಅಮ್ಮಂಗೆ ಹೇಳ್ಬೇಡ. ನಂದು ತುಂಬಾ ದೂರ ದೂರ ಇದೆ" ಎಂದಳು.

"ಯಾವುದೇ? ಛತ್ರಾನಾ?"

ಅವಳು ನಗಲಿಲ್ಲ. ಕಣ್ಣಲ್ಲೇ ತೋರಿಸಿದಳು.

ತಪ್ಪು ಕಾಳಿದಾಸನದು ಎಂದು ನನ್ನ ವಾದ. ಕುಮಾರಸಂಭವದ ಮೊದಲ ಸರ್ಗದಲ್ಲಿ ಪಾರ್ವತಿಯ ಎದೆಯನ್ನು ಬಣ್ಣಿಸುವಾಗ ನಡುವೆ ತಾವರೆದಂಟಿನ ನೂಲಿಗೂ ಜಾಗ ಬಿಡಲಿಲ್ಲ ಆತ. ಬೇಲೂರಿನ ಮದನಿಕೆಯರನ್ನೇ ನೋಡಿ, ಅಲ್ಲೂ ಹಾರ ಇಳಿಯುವುದಕ್ಕೆ ಇಕ್ಕಟ್ಟು. ಬಳಪದ ಕಲ್ಲಿಗೇನು, ಅದಕ್ಕೆ ಎದೆಮೂಳೆ ಇಲ್ಲ, ಮಲಗಿದರೆ ಪಕ್ಕಕ್ಕೆ ಜಾರುವುದೂ ಇಲ್ಲ.

ನಮಗೆ ಎದೆಮೂಳೆ ಇದೆ. ಅವಳ ಜೊತೆಗೆಂದು ಹೋದ ನನಗೆ ಪ್ಲಾಸ್ಟಿಕ್ ಸರ್ಜನ್ ಹೇಳಿದ್ದು ಅದನ್ನೇ. ಆ ಡಾಕ್ಟರಮ್ಮ ತಮ್ಮದೇ ಎದೆಯ ನಡುವೆ ಎರಡು ಬೆರಳಿಟ್ಟು, "ಅಂತರ ಅನ್ನೋದು ಇಲ್ಲಿ ತೀರ್ಮಾನ ಆಗತ್ತೆ" ಎಂದರು. ಮೂಳೆ ಎಷ್ಟು ಅಗಲ, ಅದರ ಅಂಚಿಗೆ ಎದೆಯ ದೊಡ್ಡ ಸ್ನಾಯು ಎಲ್ಲಿ ಅಂಟಿಕೊಂಡಿದೆ, ಪಕ್ಕೆಲುಬಿನ ಗೂಡು ಎಷ್ಟು ದುಂಡಗಿದೆ. ಇಂಪ್ಲಾಂಟ್ ಇಟ್ಟರೆ ಗಾತ್ರ ಬರುತ್ತದೆ, ಒಳಪಕ್ಕ ಒಂದಿಷ್ಟು ತುಂಬುತ್ತದೆ, ಆದರೆ ಬೇಲಿ ಅಲ್ಲೇ ಇರುತ್ತದೆ. ಹಟ ಹಿಡಿದು ಸ್ನಾಯುವನ್ನು ಮೂಳೆಯಿಂದ ತೀರಾ ಬಿಡಿಸಿ ಒಳಕ್ಕೆ ತಂದರೆ ಎರಡೂ ನಡುವೆ ಕೂಡಿಕೊಂಡು ಒಂದೇ ದಿಬ್ಬವಾಗುತ್ತದೆ. ಅದಕ್ಕೆ ಸಿಮ್ಮಾಸ್ಟಿಯಾ ಎಂಬ ಹೆಸರಿದೆ. ಸರಿಮಾಡುವುದು ಮೊದಲಿನ ಆಪರೇಷನ್ನಿಗಿಂತ ಕಷ್ಟ. ಇನ್ನೊಂದು ದಾರಿ ಹೊಟ್ಟೆಯದೋ ತೊಡೆಯದೋ ಕೊಬ್ಬು ತೆಗೆದು ಒಳಅಂಚಿಗೆ ಚುಚ್ಚುವುದು. ಅದರಲ್ಲಿ ಒಂದು ಪಾಲನ್ನು ಮೈ ಮತ್ತೆ ಹೀರಿಕೊಳ್ಳುತ್ತದೆ, ಹಾಗಾಗಿ ಎರಡು ಮೂರು ಸಲ ಹೋಗಬೇಕಾದೀತು. ಕೆಲವೊಮ್ಮೆ ಗಂಟುಗಳೂ ಆಗುತ್ತವೆ. ಹೊಟ್ಟೆಯ ಕೊಬ್ಬಿಗೆ ಇಂಥ ಬಡ್ತಿ ಇದೆಯೆಂದು ಕೇಳಿ ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

"ಎಕ್ಸರ್‌ಸೈಜು?" ಎಂದಳು ಇವಳು. ದಂಡ ಹೊಡೆದರೆ ಕೆಳಗಿನ ಸ್ನಾಯು ದಪ್ಪವಾದೀತು, ಅಂಟಿದ ಜಾಗ ಬಿಟ್ಟು ಕದಲುವುದಿಲ್ಲ. ಕ್ರೀಮುಗಳ ಮಾತು ಎತ್ತಿದಾಗ ಡಾಕ್ಟರು ಫ್ಯಾನ್ ನೋಡಿದರು.

ಈ ಇಂಪ್ಲಾಂಟಿನ ಹುಟ್ಟು ಕೇಳಿದರೆ ನಗು ಬರುತ್ತದೆ. ಅಮೆರಿಕದ ಹ್ಯೂಸ್ಟನ್ನಿನ ಫ್ರಾಂಕ್ ಜೆರೋ ಎಂಬ ವೈದ್ಯನಿಗೆ ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದುಮಿದಾಗ ಈ ಯೋಚನೆ ಬಂತಂತೆ. ಮೊದಲು ಇಟ್ಟಿದ್ದು ಎಸ್ಮೆರಾಲ್ಡಾ ಎಂಬ ಹೆಣ್ಣುನಾಯಿಗೆ. ಅದು ಹೊಲಿಗೆಯನ್ನೇ ಕಚ್ಚಿ ಬಿಡಿಸಿಕೊಂಡಿತು. ಆಮೇಲೆ 1962ರಲ್ಲಿ ಜೆರೋ ಮತ್ತು ಥಾಮಸ್ ಕ್ರೋನಿನ್ ಸೇರಿ ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆಗೆ ಇಟ್ಟರು. ಆಕೆ ಆಸ್ಪತ್ರೆಗೆ ಬಂದದ್ದು ಹಚ್ಚೆ ತೆಗೆಸಿಕೊಳ್ಳಲು. ಮುಂಚಾಚಿದ ಕಿವಿಯನ್ನೂ ಸರಿಪಡಿಸಿಕೊಡುವುದಾದರೆ ಆಗಲಿ ಎಂದು ಒಪ್ಪಿದಳಂತೆ. ಕಿವಿಯ ಆಸೆಗೆ ಎದೆ ಕೊಟ್ಟವಳು! ಮುಂದೆ ದೂರುಗಳು ಹೆಚ್ಚಾಗಿ, 1992ರಲ್ಲಿ ಅಮೆರಿಕ ಸರ್ಕಾರ ಸಿಲಿಕೋನ್ ಇಂಪ್ಲಾಂಟುಗಳನ್ನು ಬರೀ ಅಂದಕ್ಕಾಗಿ ಹಾಕುವುದಕ್ಕೆ ತಡೆ ಒಡ್ಡಿತು. ತಡೆ ಸರಿದದ್ದು 2006ರಲ್ಲಿ. ಇಂಪ್ಲಾಂಟು ಜೀವಮಾನದ ಸಾಮಾನಲ್ಲ, ಮೊದಲ ಸಲ ಐದಾರು ವರ್ಷಕ್ಕೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಒಡೆದಿಲ್ಲವೆಂದು ನೋಡಿಕೊಳ್ಳಬೇಕು. ಆಟೋದಲ್ಲಿ ಬರುವಾಗ ಇವಳು ಫೋನಿನಲ್ಲಿ ಯಾವುದೋ ಲೆಕ್ಕ ಹಾಕುತ್ತಿದ್ದಳು. ಹನಿಮೂನಿನದೋ ಸ್ಕ್ಯಾನಿನದೋ ಕೇಳಲಿಲ್ಲ.

ಮನೆಗೆ ಬಂದು ಟ್ರಂಕಿನಿಂದ ಆಯಿಯ ಕುಬುಸ ತೆಗೆದೆ. ಗುಳೇದಗುಡ್ಡದ ಖಣ, ಹಸಿರು ಮೈ, ಕೆಂಪು ಅಂಚು. ಗುಂಡಿಯಿಲ್ಲ, ಹುಕ್ಕಿಲ್ಲ, ಮುಂದೆ ಎರಡು ತುದಿಗಳನ್ನು ಎಳೆದು ಎದೆಯ ಕೆಳಗೆ ಗಂಟು ಹಾಕುವುದು. ನನಗೆ ಅದನ್ನು ತೊಡಿಸುವಾಗ ಆಯಿ, "ಉಸುರು ಬಿಡು, ಈಗ ಜಗ್ಗು" ಅನ್ನುತ್ತಿದ್ದಳು. ಗಂಟು ಬಿಗಿಯಾದಂತೆ ಅತ್ತಲದು ಇತ್ತ, ಇತ್ತಲದು ಅತ್ತ. 1914ರಲ್ಲಿ ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಎರಡು ಕರ್ಚೀಫಿಗೆ ರಿಬ್ಬನ್ ಸೇರಿಸಿ ಬ್ರಾ ಎಂದು ಪೇಟೆಂಟ್ ಪಡೆದಳು ಎಂದು ಹೇಳಿದ್ದರೆ, "ಬರೇ ಗಂಟು ಸಾಕಿತ್ತಲ್ಲ" ಎನ್ನುತ್ತಿದ್ದಳೇನೋ. ಈಗಿನ ಪುಷ್‌ಅಪ್ ಬ್ರಾ, ಅಂಟುಪಟ್ಟಿ ಮಾಡುವುದೂ ಇದನ್ನೇ. ರಾತ್ರಿ ಬಿಚ್ಚಿದರೆ ಎಲ್ಲ ತಮ್ಮ ತಮ್ಮ ಊರಿಗೆ.

ಕುಬುಸ ಅವಳಿಗೆ ಸರಿಯಾಗಿ ಕೂತಿತು. ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ, "ಆಯಿದು ಎಷ್ಟಿತ್ತು?" ಎಂದಳು. ಯಾರು ಅಳೆದಿದ್ದರು!

ಮರುವಾರ ಮುಹೂರ್ತದ ಬ್ಲೌಸಿಗೆ ಅಳತೆ. ಟೈಲರಮ್ಮ ಟೇಪು ಅಡ್ಡ ಹಿಡಿದು, "ಎಂಟು" ಎಂದು ಪಿಸುಗುಟ್ಟಿದಳು.

"ಜಾಸ್ತಿನಾ?" ಎಂದಳು ಹುಡುಗಿ.

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದ ಟೈಲರಮ್ಮ, "ಯಾರಿಗಿಂತ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಕೈ ಇಳಿಸಿ. ಪ್ಯಾಡು ಇಡ್ಲಾ ಬೇಡ್ವಾ?" ಎಂದಳು.

ಹುಡುಗಿ ಅದನ್ನಿನ್ನೂ ಹೇಳಿಲ್ಲ. ಡಾಕ್ಟರ ಎರಡನೇ ಅಪಾಯಿಂಟ್‌ಮೆಂಟನ್ನು ರದ್ದು ಮಾಡಿಯೂ ಇಲ್ಲ. ಒಗೆದು ತರುತ್ತೇನೆಂದು ಒಯ್ದ ಆಯಿಯ ಕುಬುಸ ಮಾತ್ರ ನನ್ನ ಟ್ರಂಕಿಗೆ ವಾಪಸು ಬಂದಿಲ್ಲ.